ಸದ್ದಿನ ಸುಳಿವು

ಸಂತೆಯಲ್ಲಿ ಮಡಕೆಯನ್ನು ಕೊಳ್ಳಲು ಹೋದ ಗೃಹಿಣಿಯು ಅದರ ಆಕಾರವನ್ನು ನೋಡಿದ ಮಾತ್ರಕ್ಕೆ ತೃಪ್ತಳಾಗುವುದಿಲ್ಲ. ಅದನ್ನು ಕೈಯಲ್ಲೆತ್ತಿ ಹಿಡಿದು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟುತ್ತಾಳೆ. ಮಡಕೆಯು ‘ಠಣ್’ ಎಂದು ತುಂಬುದನಿಯಲ್ಲಿ ನುಡಿದರೆ ಬೆಲೆಯ ಮಾತಿಗೆ ತೊಡಗುತ್ತಾಳೆ. ಒಡಕು ದನಿ ಹೊರಟರೆ, ಕಣ್ಣಿಗೆ ಕಾಣದ ಬಿರುಕು ಎಲ್ಲಿಯೋ ಇದೆಯೆಂದರಿತು ಅದನ್ನು ಕೆಳಗಿಡುತ್ತಾಳೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡುವವನು ಮಾಡುವುದೂ ಇದನ್ನೇ. ವಸ್ತುವನ್ನು ಒಡೆಯದೆ ಅದರ ಒಳಗನ್ನು ಅರಿಯುವ ವಿದ್ಯೆಯು ನಮ್ಮ ಹಿರಿಯರಿಗೆ ಹೊಸತಾಗಿರಲಿಲ್ಲ.

ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೇರಿಸಿದವರಲ್ಲಿ ಫ್ರಾನ್ಸ್ ದೇಶದ ವೈದ್ಯನಾದ ರೆನೆ ಲೆನೆಕ್ ಪ್ರಮುಖನು. 1816ರಲ್ಲಿ ಆತನು ಕಾಗದದ ಹಾಳೆಗಳನ್ನು ಕೊಳವೆಯಂತೆ ಸುತ್ತಿ, ಒಂದು ತುದಿಯನ್ನು ರೋಗಿಯ ಎದೆಯ ಮೇಲೂ ಇನ್ನೊಂದು ತುದಿಯನ್ನು ತನ್ನ ಕಿವಿಯ ಮೇಲೂ ಇಟ್ಟು ಹೃದಯದ ಬಡಿತವನ್ನು ಸ್ಪಷ್ಟವಾಗಿ ಕೇಳಿದನು. ಇಂದು ವೈದ್ಯರ ಕೊರಳಲ್ಲಿ ತೂಗುವ ಸ್ಟೆತೊಸ್ಕೋಪಿಗೆ ಆ ಕಾಗದದ ಸುರುಳಿಯೇ ಮೂಲ. ಆದರೆ ಲೆನೆಕನ ಹಿರಿಮೆಯಿರುವುದು ಆ ಉಪಕರಣದಲ್ಲಿ ಮಾತ್ರವಲ್ಲ. ರೋಗಿ ಬದುಕಿದ್ದಾಗ ಕೇಳಿದ ಸದ್ದನ್ನು, ಆತನು ಮೃತನಾದರೆ ಶವಪರೀಕ್ಷೆಯಲ್ಲಿ ಕಣ್ಣಾರೆ ಕಂಡುದರೊಡನೆ ಹೋಲಿಸಿ, ಯಾವ ಸದ್ದಿಗೆ ಯಾವ ದೋಷ ಕಾರಣವೆಂಬುದನ್ನು ಆತನು ತಾಳ್ಮೆಯಿಂದ ಗುರುತಿಸಿದನು. ಕಿವಿಯು ಊಹಿಸಿದುದನ್ನು ಕಣ್ಣಿನಿಂದ ಪರೀಕ್ಷಿಸುವ ಈ ಕ್ರಮವೇ ಶಾಸ್ತ್ರದ ಜೀವಾಳ.

ಮನುಷ್ಯನ ಎದೆಗೆ ಸಲ್ಲುವ ಈ ಕ್ರಮವು ಮನುಷ್ಯನೇ ನಿರ್ಮಿಸಿದ ಯಂತ್ರಕ್ಕೂ ಸಲ್ಲುತ್ತದೆ. ಮೋಟಾರು ಕಾರಿನ ಕ್ಲಚ್ಚು ಮತ್ತು ಗೇರುಪೆಟ್ಟಿಗೆಗಳು ಇದಕ್ಕೆ ಒಳ್ಳೆಯ ನಿದರ್ಶನ. ಇವೆರಡೂ ಲೋಹದ ಕವಚಗಳೊಳಗೆ ಅಡಗಿರುತ್ತವೆ. ತೆರೆದು ನೋಡಬೇಕಾದರೆ ಕಾರಿನ ತಳಭಾಗವನ್ನೇ ಬಿಚ್ಚಬೇಕು. ಹಲವು ಗಂಟೆಗಳ ದುಡಿಮೆ, ಸಾವಿರಾರು ರೂಪಾಯಿಗಳ ವೆಚ್ಚ. ಆದುದರಿಂದ ಬಿಚ್ಚುವ ಮೊದಲೇ ದೋಷವೆಲ್ಲಿದೆಯೆಂದು ಊಹಿಸಬಲ್ಲವನೇ ನಿಜವಾದ ಕುಶಲಿ. ಅದಕ್ಕೆ ಮೊದಲು ಈ ಭಾಗಗಳ ರಚನೆಯನ್ನು ಸ್ವಲ್ಪ ತಿಳಿಯಬೇಕು.

ಎಂಜಿನ್ನಿನಲ್ಲಿ ಹುಟ್ಟಿದ ಬಲವು ನೇರವಾಗಿ ಗಾಲಿಗಳಿಗೆ ಹೋಗುವುದಿಲ್ಲ. ಏರುದಾರಿಯಲ್ಲಿ ಗಾಲಿಗೆ ವೇಗ ಕಡಿಮೆ, ಬಲ ಹೆಚ್ಚು ಬೇಕು. ಸಮತಟ್ಟಾದ ದಾರಿಯಲ್ಲಿ ಬಲ ಕಡಿಮೆ, ವೇಗ ಹೆಚ್ಚು ಬೇಕು. ಈ ಹೊಂದಾಣಿಕೆಯನ್ನು ಗೇರುಪೆಟ್ಟಿಗೆಯೊಳಗಿನ ಚಿಕ್ಕ ದೊಡ್ಡ ಹಲ್ಲುಚಕ್ರಗಳು ಮಾಡುತ್ತವೆ. ಗೇರನ್ನು ಬದಲಿಸುವಾಗ ಎಂಜಿನ್ನಿನ ಸಂಬಂಧವನ್ನು ಕ್ಷಣಕಾಲ ಕಡಿಯಬೇಕಾಗುತ್ತದೆ. ಆ ಕೆಲಸ ಕ್ಲಚ್ಚಿನದು. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿರುತ್ತದೆ. ಕ್ಲಚ್ ಪ್ಲೇಟು ಎಂಬ ಬಿಲ್ಲೆಯನ್ನು ಪ್ರೆಶರ್ ಪ್ಲೇಟು ಬಿಗಿಯಾದ ಸ್ಪ್ರಿಂಗಿನ ಬಲದಿಂದ ಆ ಚಕ್ರಕ್ಕೆ ಒತ್ತಿ ಹಿಡಿದಿರುತ್ತದೆ. ಚಾಲಕನು ಪೆಡಲನ್ನು ತುಳಿದಾಗ ಈ ಬಿಗಿತ ಸಡಿಲಗೊಂಡು, ಕ್ಲಚ್ ಪ್ಲೇಟೂ ಅದಕ್ಕೆ ಹೊಂದಿದ ಗೇರುಪೆಟ್ಟಿಗೆಯ ಮೊದಲ ದಂಡವೂ ಎಂಜಿನ್ನಿನಿಂದ ಬೇರೆಯಾಗುತ್ತವೆ.

ಈ ತಿರುಗುವ ದಂಡಗಳನ್ನು ಹೊತ್ತು ನಿಲ್ಲಿಸಿರುವುದು ಬೇರಿಂಗುಗಳು. ಬೇರಿಂಗು ಎಂದರೆ ಒಂದರೊಳಗೊಂದು ಕೂಡಿಸಿದ ಎರಡು ಉಕ್ಕಿನ ಬಳೆಗಳು, ಅವುಗಳ ನಡುವೆ ಉರುಳುವ ನುಣುಪಾದ ಗುಂಡುಗಳು. ಎಣ್ಣೆ ಬತ್ತಿದರೆ ಅಥವಾ ಸವೆತ ಹೆಚ್ಚಾದರೆ ಈ ನುಣುಪು ಕೆಟ್ಟು ಗುಂಡುಗಳ ಮೇಲೆ ಕುಳಿಗಳು ಬೀಳುತ್ತವೆ. ಆಗ ಬೇರಿಂಗು ರಾಗಿ ಬೀಸುವ ಕಲ್ಲಿನಂತೆ ಗರಗರನೆ ಮೊರೆಯತೊಡಗುತ್ತದೆ. ಆದರೆ ಒಂದು ಮಾತನ್ನು ನೆನಪಿಡಬೇಕು. ಬೇರಿಂಗು ಸದ್ದು ಮಾಡುವುದು ಅದರ ಎರಡು ಬಳೆಗಳಲ್ಲಿ ಒಂದು ತಿರುಗಿ ಇನ್ನೊಂದು ನಿಂತಾಗ, ಅಥವಾ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಿದಾಗ ಮಾತ್ರ. ತಿರುಗದ ಬೇರಿಂಗಿಗೆ ದನಿಯಿಲ್ಲ. ಸದ್ದಿನ ಮೂಲವನ್ನು ಹುಡುಕುವ ಶಾಸ್ತ್ರವೆಲ್ಲ ಈ ಒಂದು ಸರಳವಾದ ಮಾತಿನ ಮೇಲೆ ನಿಂತಿದೆ. ಇದನ್ನು ಅರಿಯದಿದ್ದರೆ ಏನಾಗುತ್ತದೆಯೆಂಬುದನ್ನು ಒಂದು ಪ್ರಸಂಗದ ಮೂಲಕ ನೋಡಬಹುದು.

ಸಕಲೇಶಪುರದ ಹೆದ್ದಾರಿಯ ಪಕ್ಕದಲ್ಲಿ ಒಂದು ಚಿಕ್ಕ ಗ್ಯಾರೇಜು. ಒಂದು ಸಂಜೆ ಬಾಡಿಗೆ ಕಾರಿನ ಚಾಲಕನೊಬ್ಬನು ಅಲ್ಲಿಗೆ ಬಂದನು. ಅವನದು ನಾಲ್ಕು ಗೇರುಗಳ, ಹಿಂದಿನ ಗಾಲಿಗಳನ್ನು ನಡೆಸುವ ಹಳೆಯ ಕಾರು. ಅದೇ ಅವನ ಸಂಸಾರಕ್ಕೆ ಆಧಾರ. ಮರುದಿನ ಬೆಳಗಿನ ಜಾವದಲ್ಲಿ ಒಂದು ಕುಟುಂಬವನ್ನು ಶಿರಾಡಿ ಘಾಟಿಯನ್ನಿಳಿದು, ಗುಂಡ್ಯದ ಮೂಲಕ ಕುಕ್ಕೆ ಸುಬ್ರಹ್ಮಣ್ಯಕ್ಕೆ ಕರೆದೊಯ್ಯಲು ಅವನು ಒಪ್ಪಿಕೊಂಡಿದ್ದನು.

“ಮೇಸ್ತ್ರಿಗಳೇ, ಕ್ಲಚ್ಚಿನಲ್ಲಿ ಸದ್ದು ಬರುತ್ತಿದೆ. ಬೇರೆ ಊರಿನಲ್ಲಿ ತೋರಿಸಿ, ತಿಂಗಳ ಹಿಂದೆಯೇ ಪ್ಲೇಟು, ರಿಲೀಸ್ ಬೇರಿಂಗು ಎಲ್ಲವನ್ನೂ ಹೊಸದಾಗಿ ಹಾಕಿಸಿದೆ. ಸಾಲ ಮಾಡಿ ಹಣ ಕೊಟ್ಟದ್ದಾಯಿತು, ಸದ್ದು ಮಾತ್ರ ಹಾಗೆಯೇ ಇದೆ” ಎಂದು ಅವನು ಅಳಲನ್ನು ತೋಡಿಕೊಂಡನು.

“ಸದ್ದು ಕ್ಲಚ್ಚಿನದೇ ಎಂದು ಹೇಗೆ ತಿಳಿಯಿತಪ್ಪ?” ಎಂದು ವೃದ್ಧ ಮೇಸ್ತ್ರಿ ಕೇಳಿದರು.

“ಕ್ಲಚ್ಚನ್ನು ತುಳಿದರೆ ಸದ್ದು ನಿಲ್ಲುತ್ತದೆಯಲ್ಲ! ಆ ಗ್ಯಾರೇಜಿನವರೂ ಹಾಗೆಯೇ ಹೇಳಿದರು.”

ಮೇಸ್ತ್ರಿ ಮುಗುಳ್ನಕ್ಕರು. “ನಿನ್ನ ಮನೆಯ ನೀರಿನ ಕೊಳವೆ ಎಲ್ಲೋ ಒಡೆದು ಸೋರುತ್ತಿದೆ ಎಂದುಕೊ. ತೊಟ್ಟಿಯ ಬಳಿಯ ವಾಲ್ವನ್ನು ಮುಚ್ಚಿದರೆ ಸೋರುವುದು ನಿಲ್ಲುತ್ತದೆ. ಹಾಗೆಂದು ಹೊಸ ವಾಲ್ವು ತಂದು ಹಾಕಿದರೆ ಒಡೆದ ಕೊಳವೆ ಸರಿಹೋದೀತೆ?”

ಚಾಲಕನು ಮಾತಿಲ್ಲದೆ ನಿಂತನು. ಕೆಲಸ ಕಲಿಯುತ್ತಿದ್ದ ಹುಡುಗನು ಉತ್ಸಾಹದಿಂದ ಸ್ಪ್ಯಾನರನ್ನು ಕೈಗೆತ್ತಿಕೊಂಡು, “ಗೇರುಪೆಟ್ಟಿಗೆಯನ್ನು ಇಳಿಸಿಬಿಡೋಣವೇ?” ಎಂದನು. “ಸ್ಪ್ಯಾನರು ಆಮೇಲೆ ಮಗು, ಮೊದಲು ಕಿವಿ” ಎಂದು ಮೇಸ್ತ್ರಿ ಅವನನ್ನು ತಡೆದರು.

ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಕೈಬ್ರೇಕನ್ನು ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟರು. ಗೇರನ್ನು ನ್ಯೂಟ್ರಲಿನಲ್ಲಿಟ್ಟು ಎಂಜಿನ್ನನ್ನು ಚಾಲನೆ ಮಾಡಿದರು. ಪೆಡಲಿನ ಮೇಲೆ ಕಾಲಿರಲಿಲ್ಲ. ಒಳಗಿನಿಂದ ಒಂದೇ ಸಮನೆ ಗರಗರ ಸದ್ದು ಬರುತ್ತಿತ್ತು. ಮೇಸ್ತ್ರಿ ಹುಡುಗನಿಗೆ ಹೇಳಿದರು: “ಈಗ ಕಾರು ನಿಂತಿದೆ. ಆದರೆ ಕ್ಲಚ್ಚು ಕೂಡಿಕೊಂಡಿರುವುದರಿಂದ ಪೆಟ್ಟಿಗೆಯ ಮೊದಲ ದಂಡ ತಿರುಗುತ್ತಿದೆ. ಅದರ ಕೆಳಗಿನ ಜೋಡುದಂಡವೂ ತಿರುಗುತ್ತಿದೆ. ಗಾಲಿಗೆ ಹೋಗುವ ದಂಡ ಮಾತ್ರ ನಿಂತಿದೆ. ನಿಂತದ್ದರ ಮೇಲೆ ನಮಗೆ ಈಗ ಅನುಮಾನವಿಲ್ಲ.”

ಬಳಿಕ ಚಾಲಕನಿಗೆ ಪೆಡಲನ್ನು ಕೊಂಚವೇ ಒತ್ತುವಂತೆ ಹೇಳಿದರು. ಸದ್ದಿನಲ್ಲಿ ವ್ಯತ್ಯಾಸವಾಗಲಿಲ್ಲ. ಈ ಪರೀಕ್ಷೆಗೂ ಕಾರಣವಿದೆ. ಕೆಲವು ಕಾರುಗಳಲ್ಲಿ ರಿಲೀಸ್ ಬೇರಿಂಗು ಪೆಡಲನ್ನು ತುಳಿಯದಿದ್ದಾಗಲೂ ಹಗುರವಾಗಿ ತಾಗಿಕೊಂಡೇ ಇರುತ್ತದೆ. ಅದು ಸವೆದಿದ್ದರೆ ಕಿಚಕಿಚ ಎನ್ನುತ್ತಿದ್ದು, ಪೆಡಲನ್ನು ಸ್ವಲ್ಪವೇ ಮುಟ್ಟಿದೊಡನೆ ಸುಮ್ಮನಾಗಬಹುದು. ಇಲ್ಲಿ ಹಾಗಾಗಲಿಲ್ಲ.

ಅನಂತರ ಪೆಡಲನ್ನು ಪೂರ್ತಿಯಾಗಿ ತುಳಿಸಿದರು. ಗರಗರ ಸದ್ದು ಒಮ್ಮೆಗೇ ನಿಲ್ಲಲಿಲ್ಲ. ಬೀಸುವುದನ್ನು ಬಿಟ್ಟ ಕಲ್ಲು ಮೆಲ್ಲಮೆಲ್ಲನೆ ನಿಲ್ಲುವಂತೆ ಇಳಿಯುತ್ತ ಹೋಗಿ ಅಡಗಿತು. “ಕೇಳಿದೆಯಾ? ಎಂಜಿನ್ನಿನಿಂದ ಬೇರೆಯಾದ ಮೇಲೆ ದಂಡ ತಾನೇ ತಿರುಗಿ ತಿರುಗಿ ನಿಂತಿತು. ಸದ್ದೂ ಅದರ ಜೊತೆಯಲ್ಲಿಯೇ ನಿಂತಿತು. ಕ್ಲಚ್ಚಿನ ರಿಲೀಸ್ ಬೇರಿಂಗಿಗೆ ಪೂರ್ತಿ ಭಾರ ಬೀಳುವುದು ಈಗ, ಪೆಡಲನ್ನು ತುಳಿದಿರುವಾಗ. ಈಗಲೇ ನಿಶ್ಶಬ್ದವಾಗಿದೆಯೆಂದರೆ ಅದು ನಿರಪರಾಧಿ” ಎಂದು ಮೇಸ್ತ್ರಿ ವಿವರಿಸಿದರು.

ತುಳಿದಾಗ ಹುಟ್ಟುವ ಸದ್ದು ಕ್ಲಚ್ಚಿನದು. ತುಳಿದಾಗ ಅಡಗುವ ಸದ್ದು ಬಹುಮಟ್ಟಿಗೆ ಗೇರುಪೆಟ್ಟಿಗೆಯದು. ಸಾಮಾನ್ಯರ ಊಹೆಗೆ ಇದು ತೀರ ವಿರುದ್ಧವಾದುದು. ಹಿಂದಿನ ಗ್ಯಾರೇಜಿನವರು ತಪ್ಪಿದ್ದು ಇಲ್ಲಿಯೇ. ಸದ್ದನ್ನು ನಿಲ್ಲಿಸಿದ ಭಾಗವನ್ನೇ ಸದ್ದು ಮಾಡಿದ ಭಾಗವೆಂದು ಅವರು ಭ್ರಮಿಸಿದ್ದರು.

ಮೇಸ್ತ್ರಿಯ ಪರೀಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ದೂರ ಕಾರನ್ನು ಓಡಿಸಿ ನೋಡಿದರು. ಒಂದು, ಎರಡು, ಮೂರನೆಯ ಗೇರುಗಳಲ್ಲಿ ಮೊರೆತವಿತ್ತು. ನಾಲ್ಕನೆಯದಕ್ಕೆ ಬಂದೊಡನೆ ಬಹುವಾಗಿ ತಗ್ಗಿತು. ಇಂತಹ ಕಾರಿನಲ್ಲಿ ನಾಲ್ಕನೆಯ ಗೇರಿಗೆ ಬಲವು ಮೊದಲ ದಂಡದಿಂದ ಗಾಲಿಯ ಕಡೆಯ ದಂಡಕ್ಕೆ ನೇರವಾಗಿ ಸಾಗುತ್ತದೆ. ಜೋಡುದಂಡ ತಿರುಗಿದರೂ ಅದರ ಮೇಲೆ ಭಾರವಿರುವುದಿಲ್ಲ, ಹಲ್ಲುಗಳ ನೂಕಾಟದಿಂದ ಮೊದಲ ದಂಡದ ಬೇರಿಂಗಿನ ಮೇಲೆ ಬೀಳುವ ಒತ್ತಡವೂ ಇಳಿಯುತ್ತದೆ. ಒಂದೇ ಒಂದು ಗೇರಿನಲ್ಲಿ ಮಾತ್ರ ಸದ್ದಿದ್ದರೆ ಆ ಗೇರಿನ ಹಲ್ಲುಗಳನ್ನು ಅನುಮಾನಿಸಬೇಕಿತ್ತು. ಹೀಗೆ ದೋಷವು ಎರಡೇ ಸ್ಥಳಗಳಿಗೆ ಸೀಮಿತವಾಯಿತು: ಮೊದಲ ದಂಡದ ಬೇರಿಂಗು, ಇಲ್ಲವೆ ಜೋಡುದಂಡದ ಬೇರಿಂಗು.

ಗ್ಯಾರೇಜಿಗೆ ಮರಳಿದ ಮೇಲೆ ಕಾರಿನಡಿ ತೂರಿ ನೋಡಿದರು. ಪೆಟ್ಟಿಗೆಯ ಹಿಂಬದಿಯಲ್ಲಿ, ದಂಡವು ಹೊರಬರುವ ಕಡೆ, ಎಣ್ಣೆಯ ಜಿಡ್ಡು ಮೆತ್ತಿಕೊಂಡಿತ್ತು. ಎಣ್ಣೆಯ ಮಟ್ಟವನ್ನು ನೋಡುವ ತಿರುಪನ್ನು ಬಿಚ್ಚಿ ಬೆರಳಿಟ್ಟರೆ ಎಣ್ಣೆ ತಾಗಲೇ ಇಲ್ಲ. ಉಳಿದ ಎಣ್ಣೆಯನ್ನು ಇಳಿಸಿ ಬೆರಳುಗಳ ನಡುವೆ ಉಜ್ಜಿ ನೋಡಿದರು. ಹಿಟ್ಟಿನಂತಹ ಬೂದುಬಣ್ಣದ ನುಣುಪಾದ ಲೋಹದ ಪುಡಿ ಇದ್ದರೆ ಅದು ಸಹಜವಾದ ಸವೆತ. ಹಿತ್ತಾಳೆಯ ಬಣ್ಣದ ಕಣಗಳಿದ್ದರೆ ಗೇರುಗಳ ವೇಗವನ್ನು ಹೊಂದಿಸುವ ಉಂಗುರಗಳು ಸವೆದಿವೆಯೆಂದು ಅರ್ಥ. ಆದರೆ ಅಲ್ಲಿ ಹೊಳೆಯುತ್ತಿದ್ದುದು ಉಕ್ಕಿನ ಚಿಕ್ಕ ಚಕ್ಕೆಗಳು.

“ಇದನ್ನು ಇಳಿಸಲೇಬೇಕಪ್ಪ. ಸುಳ್ಳು ಸಮಾಧಾನ ಹೇಳಲಾರೆ” ಎಂದರು ಮೇಸ್ತ್ರಿ.

“ನಾಳೆಯೊಂದು ದಿನ ಓಡಿಸಿಬಿಡುತ್ತೇನೆ. ಎಣ್ಣೆ ತುಂಬಿಸಿಕೊಡಿ ಸಾಕು” ಎಂದು ಚಾಲಕನು ಬೇಡಿಕೊಂಡನು.

“ಘಾಟಿ ಇಳಿಯುವಾಗ ನಿನ್ನನ್ನು ಕಾಯುವುದು ಬ್ರೇಕು ಮಾತ್ರ ಅಲ್ಲ, ಕೆಳಗಿನ ಗೇರಿನಲ್ಲಿ ಎಂಜಿನ್ನೂ ಕಾರನ್ನು ಹಿಡಿದಿರುತ್ತದೆ. ಬೇರಿಂಗು ಒಡೆದು ಗೇರು ಕೈಕೊಟ್ಟರೆ ಆ ಹಿಡಿತ ತಪ್ಪುತ್ತದೆ. ಎಲ್ಲ ಭಾರವೂ ಬ್ರೇಕಿನ ಮೇಲೆ ಬಿದ್ದು ಅದು ಕಾದು ಸೋತರೆ? ಹಿಂದೆ ಕುಳಿತವರು ನಿನ್ನನ್ನು ನಂಬಿ ಕುಳಿತಿರುತ್ತಾರೆ.”

ಚಾಲಕನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ ನಿಲ್ದಾಣಕ್ಕೆ ಹೋಗಿ ಮರುದಿನದ ಬಾಡಿಗೆಯನ್ನು ಇನ್ನೊಬ್ಬ ಚಾಲಕನಿಗೆ ಒಪ್ಪಿಸಿ ಬಂದನು.

ಮರುದಿನ ಪೆಟ್ಟಿಗೆಯನ್ನು ತೆರೆದಾಗ ಮೊದಲ ದಂಡದ ಬೇರಿಂಗಿನ ಗುಂಡುಗಳ ಮೇಲೆ ಸಿಡುಬಿನ ಕಲೆಗಳಂತೆ ಕುಳಿಗಳು ಕಂಡವು. ಜೋಡುದಂಡದ ಬೇರಿಂಗು ಚೆನ್ನಾಗಿಯೇ ಇತ್ತು. ಎರಡರಲ್ಲಿ ಯಾವುದೆಂದು ಕಿವಿ ನಿರ್ಧರಿಸಲಾರದೆ ಉಳಿದಿದ್ದುದನ್ನು ಕಣ್ಣು ನಿರ್ಧರಿಸಿತು. ಹೊಸ ಬೇರಿಂಗು, ಎಣ್ಣೆ ಸೋರದಂತೆ ತಡೆಯುವ ಹಿಂಬದಿಯ ಹೊಸ ಸೀಲು, ಕಾರಿಗೆ ವಿಧಿಸಿದ ಹೊಸ ಎಣ್ಣೆ, ಇಷ್ಟೇ ಸಾಕಾಯಿತು. ತಿಂಗಳ ಹಿಂದೆ ಹಾಕಿಸಿದ್ದ ಕ್ಲಚ್ಚಿನ ಭಾಗಗಳನ್ನು ಒರೆಸಿ, ಪರೀಕ್ಷಿಸಿ, ಹಾಗೆಯೇ ಮರಳಿ ಜೋಡಿಸಿದರು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಹಿಂದಿನ ದಿನದ ಪರೀಕ್ಷೆಗಳನ್ನೇ ಅದೇ ಕ್ರಮದಲ್ಲಿ ಮತ್ತೊಮ್ಮೆ ನಡೆಸಿದರು. ಗರಗರ ಸದ್ದು ಕೇಳಿಸಲಿಲ್ಲ.

ಈ ಪ್ರಸಂಗದ ಸದ್ದು ಒಂದು ಬಗೆಯದು. ಇದೇ ರೀತಿಯಲ್ಲಿ ವಿಚಾರ ಮಾಡಿದರೆ ಬೇರೆ ಸದ್ದುಗಳ ಮೂಲವನ್ನೂ ಅರಿಯಬಹುದು. ಪೆಡಲನ್ನು ತುಳಿಯಲು ತೊಡಗಿದೊಡನೆ ಕೀರಲು ದನಿ ಹುಟ್ಟಿ, ತುಳಿದಷ್ಟೂ ಹೆಚ್ಚಿದರೆ ರಿಲೀಸ್ ಬೇರಿಂಗು ಸವೆದಿದೆಯೆನ್ನಬಹುದು. ಪೆಡಲನ್ನು ಪೂರ್ತಿ ತುಳಿದು ಕ್ಲಚ್ಚು ಬಿಟ್ಟುಕೊಂಡ ಮೇಲೆ ಮಾತ್ರ ಸದ್ದು ಬಂದರೆ, ಮೊದಲ ದಂಡದ ತುದಿಯನ್ನು ಎಂಜಿನ್ನಿನ ಬದಿಯಲ್ಲಿ ಹಿಡಿದಿರುವ ಪೈಲಟ್ ಬೇರಿಂಗನ್ನು ಅನುಮಾನಿಸಬೇಕು. ಪೆಡಲನ್ನು ತುಳಿದು ಕೆಲವು ಕ್ಷಣ ಕಾದ ಬಳಿಕವೂ ಹಿಂಚಲನೆಯ ಗೇರು ಕರಕರನೆ ಕಚ್ಚಿದರೆ, ಕ್ಲಚ್ಚು ಪೂರ್ತಿಯಾಗಿ ಬಿಡುತ್ತಿಲ್ಲವೆಂದು ತಿಳಿಯಬೇಕು. ಓಡುವಾಗ ಬರುವ ಗುಂಯ್ ಎಂಬ ಮೊರೆತವು ಗೇರನ್ನು ಬದಲಿಸಿದರೂ ಬದಲಾಗದೆ, ಕಾರು ತಿರುವಿನಲ್ಲಿ ಹೊರಳಿದಾಗ ಹೆಚ್ಚುಕಡಿಮೆಯಾದರೆ, ಅದು ಗೇರುಪೆಟ್ಟಿಗೆಯದಾಗಿರದೆ ಗಾಲಿಯ ಬೇರಿಂಗಿನದಾಗಿರುವ ಸಂಭವವೇ ಹೆಚ್ಚು.

ಎಲ್ಲ ಸದ್ದೂ ದೋಷದ ಸದ್ದಲ್ಲವೆಂಬುದನ್ನೂ ಮರೆಯಬಾರದು. ಮುಂದಕ್ಕೆ ನಡೆಸುವ ಗೇರುಗಳ ಹಲ್ಲುಗಳನ್ನು ಓರೆಯಾಗಿ ಕಡೆದಿರುತ್ತಾರೆ. ಅವು ಒಂದನ್ನೊಂದು ಮೆಲ್ಲನೆ ಕೂಡಿಕೊಳ್ಳುವುದರಿಂದ ಸದ್ದು ಕಡಿಮೆ. ಅನೇಕ ಕಾರುಗಳಲ್ಲಿ ಹಿಂಚಲನೆಯ ಗೇರಿನ ಹಲ್ಲುಗಳು ನೇರವಾಗಿರುತ್ತವೆ. ಆದುದರಿಂದ ಕಾರು ಹಿಂದಕ್ಕೆ ಸರಿಯುವಾಗ ಊಳಿಡುವಂತಹ ದನಿ ಹೊರಡುವುದು ಅದರ ಸ್ವಭಾವ, ರೋಗವಲ್ಲ.

ಕಾಲ ಬದಲಾದಂತೆ ಸದ್ದಿನ ಅರ್ಥವೂ ಬದಲಾಗುವುದುಂಟು. 1891ರಲ್ಲಿ ಫ್ರಾನ್ಸಿನ ಪನ್ಹಾರ್ ಮತ್ತು ಲೆವಾಸೋರ್ ಸಂಸ್ಥೆಯು ಎಂಜಿನ್ನನ್ನು ಮುಂಭಾಗದಲ್ಲಿಟ್ಟು, ಅದರ ಹಿಂದೆ ಕ್ಲಚ್ಚನ್ನೂ ಸರಿಯುವ ಗೇರುಗಳನ್ನೂ ಅಳವಡಿಸಿದ ಕಾರನ್ನು ರೂಪಿಸಿತು. ತಿರುಗುವ ಹಲ್ಲುಚಕ್ರಗಳನ್ನೇ ಒಂದಕ್ಕೊಂದು ಸರಿಸಿ ಕೂಡಿಸಬೇಕಾಗಿದ್ದ ಆ ಕಾಲದಲ್ಲಿ, ಗೇರು ಬದಲಿಸುವಾಗ ಕರಕರ ಸದ್ದು ಬಂದರೆ ಅದನ್ನು ಚಾಲಕನ ಅಭ್ಯಾಸದ ಕೊರತೆಯೆಂದು ಎಣಿಸಬಹುದಾಗಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ, ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರನು ರೂಪಿಸಿದ ಸಿಂಕ್ರೊಮೆಷ್ ಎಂಬ ಏರ್ಪಾಡು ಬಳಕೆಗೆ ಬಂದಿತು. ಕೂಡಬೇಕಾದ ಎರಡು ಭಾಗಗಳ ವೇಗವನ್ನು ಅದು ಮೊದಲೇ ಸಮಗೊಳಿಸುತ್ತದೆ. ಈ ಏರ್ಪಾಡಿರುವ ಗೇರು ಇಂದು ಕರಕರ ಎಂದರೆ, ಅದರ ಉಂಗುರ ಸವೆದಿರಬಹುದು, ಇಲ್ಲವೆ ಕ್ಲಚ್ಚು ಸರಿಯಾಗಿ ಬಿಡದಿರಬಹುದು.

ಯಂತ್ರವು ರೋಗಕ್ಕೆ ತುತ್ತಾಗುವುದರಲ್ಲಿ ಮನುಷ್ಯನ ಅಭ್ಯಾಸದ ಪಾಲೂ ಇದೆ. ಕಾರನ್ನು ನಡೆಸುವಾಗ ಎಡಗಾಲನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟುಕೊಂಡರೆ ರಿಲೀಸ್ ಬೇರಿಂಗಿಗೆ ವಿಶ್ರಾಂತಿಯೇ ಇಲ್ಲದಂತಾಗುತ್ತದೆ. ಕೈಯನ್ನು ಗೇರಿನ ಹಿಡಿಯ ಮೇಲೆ ಭಾರವಾಗಿ ಊರಿಕೊಂಡಿದ್ದರೆ ಒಳಗಿನ ಕವಲುಗಳು ವೃಥಾ ಸವೆಯುತ್ತವೆ. ನೆಲದ ಮೇಲೆ ಬಿದ್ದ ಎಣ್ಣೆಯ ಹನಿಯನ್ನು ಕಂಡೂ ಕಾಣದಂತಿದ್ದರೆ ಅದರ ಬೆಲೆಯನ್ನು ಮುಂದೊಮ್ಮೆ ತೆರಬೇಕಾಗುತ್ತದೆ. ಇಂತಹ ಪರೀಕ್ಷೆಗಳನ್ನಾದರೂ ಬಲ್ಲವರ ಜೊತೆಯಲ್ಲಿ, ಗಾಳಿಯಾಡುವ ಬಯಲಿನಲ್ಲಿ, ತಿರುಗುವ ಭಾಗಗಳಿಂದ ಬಟ್ಟೆ ಕೈಗಳನ್ನು ದೂರವಿಟ್ಟುಕೊಂಡೇ ನಡೆಸಬೇಕು. ಮುಚ್ಚಿದ ಕೋಣೆಯಲ್ಲಿ ಎಂಜಿನ್ನಿನ ಹೊಗೆ ಪ್ರಾಣಕ್ಕೇ ಅಪಾಯಕರ.

ಕ್ಲಚ್ಚಿನ ಪೆಡಲೇ ಇಲ್ಲದ ಕಾರುಗಳು ಇಂದು ರಸ್ತೆಗಿಳಿದಿವೆ. ವಿದ್ಯುತ್ತಿನಿಂದ ಓಡುವ ಕಾರುಗಳಲ್ಲಿ ಬಹುಪಾಲಿಗೆ ಬದಲಿಸಬೇಕಾದ ಗೇರುಗಳೂ ಇಲ್ಲ. ಆದರೂ ಅವುಗಳಲ್ಲಿ ತಿರುಗುವ ದಂಡಗಳಿವೆ, ಅವನ್ನು ಹೊತ್ತ ಬೇರಿಂಗುಗಳಿವೆ. ಆದುದರಿಂದ ಮೇಸ್ತ್ರಿಯ ವಿದ್ಯೆ ಅಲ್ಲಿಯೂ ಸಲ್ಲುತ್ತದೆ. ಸದ್ದು ಹೇಗಿದೆಯೆಂದು ಕೇಳುವವರು ಹಲವರು; ಅದು ಯಾವಾಗ ಬರುತ್ತದೆ, ಯಾವಾಗ ಅಡಗುತ್ತದೆ, ಆ ಹೊತ್ತಿನಲ್ಲಿ ತಿರುಗುತ್ತಿರುವುದು ಯಾವುದು, ನಿಂತಿರುವುದು ಯಾವುದೆಂದು ಕೇಳುವವರು ಕೆಲವರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ, ನಿರಪರಾಧಿಗಳನ್ನು ಒಬ್ಬೊಬ್ಬರನ್ನಾಗಿ ಬಿಡುಗಡೆ ಮಾಡಿ, ಕೊನೆಗೆ ಉಳಿದುದನ್ನು ತೆರೆದು ನೋಡುವುದೇ ಸರಿಯಾದ ದಾರಿ. ಅಂದು ಸಕಲೇಶಪುರದ ಗ್ಯಾರೇಜಿನಲ್ಲಿ ಹುಡುಗನ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿರಿಸಿದ ಹಿರಿಯರು ಅವನಿಗೆ ಕಲಿಸಿದ್ದು ಇದನ್ನೇ.